ಸೀಳಿದ ದನಿ ಕೂಡುವ ಜಾಗ: ಕ್ರಾಸೋವರಿನ ನೂರು ವರ್ಷ

ಗಾಯಕರೊಬ್ಬರು ‘ಶಿವ’ ಎಂದು ಹಾಡುತ್ತಾರೆ ಎಂದುಕೊಳ್ಳಿ. ಎರಡೇ ಅಕ್ಷರ. ಆದರೆ ಮನೆಯ ಸ್ಪೀಕರಿನಿಂದ ಹೊರಬರುವಾಗ ಆ ಪದ ಒಂದೇ ಜಾಗದಿಂದ ಬರುವುದಿಲ್ಲ. ‘ಶ’ಕಾರದ ಸುಯ್ಯೆನ್ನುವ ಭಾಗ ಬಹುಪಾಲು ಮೇಲಿರುವ ಪುಟ್ಟ ಗುಮ್ಮಟದಿಂದ, ಅಂದರೆ ಟ್ವೀಟರಿನಿಂದ ಬರುತ್ತದೆ. ‘ವ’ಕಾರದ ತುಂಬುದನಿ ಕೆಳಗಿನ ದೊಡ್ಡ ಶಂಕುವಿನಿಂದ, ಅಂದರೆ ವೂಫರಿನಿಂದ ಬರುತ್ತದೆ. ನಡುವಿನ ‘ಇ’ ಸ್ವರ ಎರಡಕ್ಕೂ ಹಂಚಿಹೋಗಿರುತ್ತದೆ. ಮೃದಂಗದ ಕಥೆಯೂ ಇದೇ. ಎಡಭಾಗದ ಗುಮ್ಕಿ ಕೆಳಗಿನಿಂದ, ಬಲಭಾಗದ ಪೆಟ್ಟಿನ ಚುರುಕು ಮೇಲಿನಿಂದ. ನಮ್ಮ ಕಿವಿ ಈ ತುಂಡುಗಳನ್ನು ಸೇರಿಸಿ ಒಬ್ಬ ಗಾಯಕನನ್ನು, ಒಂದು ವಾದ್ಯವನ್ನು ಕೇಳಿದೆ ಎಂದು ನಂಬುತ್ತದೆ.

ದನಿಯನ್ನು ಹೀಗೆ ಸೀಳಿ, ಯಾವ ಭಾಗ ಯಾರಿಗೆ ಎಂದು ಹಂಚುವ ಮಂಡಲಕ್ಕೆ ಕ್ರಾಸೋವರ್ ಎಂದು ಹೆಸರು. ಸಾಮಾನ್ಯವಾಗಿ ಅದು ಸ್ಪೀಕರ್ ಪೆಟ್ಟಿಗೆಯ ಒಳಗೆ, ಯಾರ ಕಣ್ಣಿಗೂ ಬೀಳದಂತೆ ಕೂತಿರುತ್ತದೆ. ಇವತ್ತು ಮನೆಯಲ್ಲಿ ಒಳ್ಳೆಯ ಸಂಗೀತ ವ್ಯವಸ್ಥೆ ಕಟ್ಟಿಕೊಳ್ಳಲು ಹೊರಟವರ ಮುಂದೆ ಎರಡು ದಾರಿಗಳಿವೆ. ತಾಮ್ರದ ಸುರುಳಿ, ಕೆಪಾಸಿಟರ್, ರೆಸಿಸ್ಟರ್‌ಗಳಿಂದ ಮಾಡಿದ ಅನಲಾಗ್ ಕ್ರಾಸೋವರ್ ಒಂದು. ದನಿಯನ್ನು ಅಂಕಿಗಳಾಗಿ ಬದಲಿಸಿ, ಲೆಕ್ಕ ಹಾಕಿ ಹಂಚುವ ಡಿಜಿಟಲ್ ಕ್ರಾಸೋವರ್ ಇನ್ನೊಂದು. ಈ ಆಯ್ಕೆಯನ್ನು ‘ಬೆಚ್ಚಗಿನ ಹಳತು’ ಮತ್ತು ‘ತಣ್ಣನೆಯ ಹೊಸತು’ ಎಂಬ ಜಗಳವಾಗಿ ನೋಡುವುದು ವಾಡಿಕೆ. ಇದರ ಚರಿತ್ರೆಯನ್ನು ಓದುತ್ತಾ ಹೋದಂತೆ ನನಗೆ ಕಂಡದ್ದು ಬೇರೆಯದೇ. ನೂರು ವರ್ಷಗಳಿಂದ ಇಂಜಿನಿಯರುಗಳಿಗೆ ದನಿಯನ್ನು ಕತ್ತರಿಸುವುದು ಅಷ್ಟೇನೂ ಕಷ್ಟವಾಗಿಲ್ಲ. ಕತ್ತರಿಸಿದ್ದನ್ನು ಮತ್ತೆ ಕೂಡಿಸುವುದು ಕಷ್ಟವಾಗಿದೆ. ಅನಲಾಗ್, ಡಿಜಿಟಲ್ ಎರಡೂ ಆ ಕೂಡಿಸುವ ಕೆಲಸಕ್ಕೆ ಸಿಕ್ಕ ಉತ್ತರಗಳು.

ಕತ್ತರಿಸುವುದಾದರೂ ಏಕೆ? ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20 ಕಂಪನಗಳಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಸಂಗೀತದ ಲೆಕ್ಕದಲ್ಲಿ ಇದು ಸುಮಾರು ಹತ್ತು ಸ್ಥಾಯಿ. ಗಾಳಿಯಲ್ಲಿ 20 ಹರ್ಟ್ಸ್‌ನ ಒಂದು ಅಲೆ ಸುಮಾರು 17 ಮೀಟರ್ ಉದ್ದ, ಅಂದರೆ ಒಂದು ಮನೆಗಿಂತ ದೊಡ್ಡದು. 20,000 ಹರ್ಟ್ಸ್‌ನ ಅಲೆ 1.7 ಸೆಂಟಿಮೀಟರ್, ಬೆರಳಿನ ಅಗಲ. ಮಂದ್ರಕ್ಕೆ ಬಹಳ ಗಾಳಿಯನ್ನು ತಳ್ಳಬೇಕು, ಹಾಗಾಗಿ ಶಂಕು ದೊಡ್ಡದಿರಬೇಕು. ತಾರಕ್ಕೆ ಸೆಕೆಂಡಿಗೆ ಸಾವಿರಾರು ಬಾರಿ ಹಿಂದೆ ಮುಂದೆ ಹೋಗಬೇಕು, ಹಾಗಾಗಿ ಹಗುರವೂ ಚಿಕ್ಕದೂ ಆಗಿರಬೇಕು. ಎರಡನ್ನೂ ಒಂದೇ ಶಂಕುವಿನಿಂದ ಬಯಸುವುದೆಂದರೆ ಡೊಳ್ಳಿನಿಂದ ತಾಳದ ಸದ್ದನ್ನೂ ಕೇಳಿದಂತೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ತಮ್ಮ ಸ್ಪೀಕರಿನ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅಯಸ್ಕಾಂತದ ನಡುವೆ ಚಲಿಸುವ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಇಂದಿಗೂ ನಮ್ಮ ಮನೆಗಳಲ್ಲಿರುವ ಬಹುಪಾಲು ಸ್ಪೀಕರುಗಳು ಅದೇ ವಂಶದವು. ರೇಡಿಯೊಗೆ ಅಂಥದೊಂದು ಶಂಕು ಸಾಕಾಗಿತ್ತು. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ದೇಶಕ್ಕೇ ಪರಿಚಿತವಾದ ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಅಲ್ಲಿ. ಆ ಪರಂಪರೆಯ ಮೀಡಿಯಂ ವೇವ್ ಪ್ರಸಾರದಲ್ಲಿ ಸುಮಾರು 5,000 ಹರ್ಟ್ಸ್‌ಗಿಂತ ಮೇಲಿನದು ಮನೆಯವರೆಗೆ ತಲುಪುತ್ತಿರಲಿಲ್ಲ. ಒಂದೇ ಶಂಕುವಿನ ಮರದ ಪೆಟ್ಟಿಗೆಯಲ್ಲಿ ನಮ್ಮ ಹಿರಿಯರು ಕಛೇರಿಗಳನ್ನು ಕೇಳಿ ತೃಪ್ತರಾದದ್ದಕ್ಕೆ ಇದೂ ಒಂದು ಕಾರಣ. ಹಂಚಬೇಕಾದಷ್ಟು ದನಿಯೇ ಬರುತ್ತಿರಲಿಲ್ಲ.

ಆದರೆ ಹಂಚುವ ವಿದ್ಯೆ ಆಗಲೇ ಇತ್ತು. ಅದು ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. ದೂರದ ಊರುಗಳ ನಡುವೆ ತಂತಿ ಎಳೆಯುವುದು ದುಬಾರಿ. ಒಂದೇ ತಂತಿಯಲ್ಲಿ ಹಲವು ಮಾತುಕತೆಗಳನ್ನು ಬೇರೆ ಬೇರೆ ಆವರ್ತನದ ಅಲೆಗಳ ಮೇಲೆ ಕೂರಿಸಿ ಕಳಿಸಿ, ಆ ಕಡೆ ಬೇರ್ಪಡಿಸಿಕೊಂಡರೆ ಹಣ ಉಳಿಯುತ್ತದೆ. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಜಾರ್ಜ್ ಕ್ಯಾಂಪ್‌ಬೆಲ್ ಇದಕ್ಕೆ ಬೇಕಾದ ವಿದ್ಯುತ್ ಜರಡಿಯನ್ನು, ಅಂದರೆ ಫಿಲ್ಟರನ್ನು ರೂಪಿಸಿ 1917ರಲ್ಲಿ ಪೇಟೆಂಟ್ ಪಡೆದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಜರ್ಮನಿಯಲ್ಲಿ ಕಾರ್ಲ್ ವಿಲ್ಲಿ ವಾಗ್ನರ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರು. 1918ರಲ್ಲಿ ಬಾಲ್ಟಿಮೋರ್ ಮತ್ತು ಪಿಟ್ಸ್‌ಬರ್ಗ್ ನಡುವೆ ಇಂಥ ಹಲವು ಮಾತಿನ ತಂತಿ ಕೆಲಸಕ್ಕೆ ಬಂತು.

ಈ ಜರಡಿಯ ತತ್ವ ಸರಳ. ತಂತಿಯ ಸುರುಳಿ ಬೇಗಬೇಗ ಬದಲಾಗುವ ವಿದ್ಯುತ್ತನ್ನು ತಡೆಯುತ್ತದೆ, ನಿಧಾನದ್ದನ್ನು ಬಿಡುತ್ತದೆ. ಕೆಪಾಸಿಟರ್ ಇದಕ್ಕೆ ತಿರುಗುಮುರುಗು. ಹಾಗಾಗಿ ವೂಫರಿನ ದಾರಿಯಲ್ಲಿ ಸುರುಳಿ, ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇಟ್ಟರೆ ಅತಿ ಸರಳವಾದ ಕ್ರಾಸೋವರ್ ಸಿದ್ಧ. 8 ಓಮ್‌ನ ಸ್ಪೀಕರುಗಳನ್ನು 2,000 ಹರ್ಟ್ಸ್‌ನಲ್ಲಿ ಬೇರ್ಪಡಿಸಲು ಸುಮಾರು 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಸುಮಾರು 0.64 ಮಿಲಿಹೆನ್ರಿ ಸುರುಳಿ ಸಾಕು. ಇಷ್ಟನ್ನು ಪಿಯುಸಿ ವಿದ್ಯಾರ್ಥಿಯೂ ಲೆಕ್ಕ ಹಾಕಬಲ್ಲ. ತೊಡಕು ಶುರುವಾಗುವುದು ಇದರ ನಂತರ.

*

1933ರ ಏಪ್ರಿಲ್ 27ರ ಸಂಜೆ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿನಲ್ಲಿ ಜನ ಒಂದು ವಾದ್ಯವೃಂದವನ್ನು ಕೇಳಿದರು. ವೇದಿಕೆಯ ಮೇಲೆ ಒಬ್ಬ ವಾದಕನೂ ಇರಲಿಲ್ಲ. ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಸುಮಾರು 200 ಕಿಲೋಮೀಟರ್ ದೂರದ ತನ್ನ ಊರಿನ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ನುಡಿಸುತ್ತಿತ್ತು. ಅಲ್ಲಿ ಅದನ್ನು ನಡೆಸುತ್ತಿದ್ದವರು ಅಲೆಕ್ಸಾಂಡರ್ ಸ್ಮಾಲೆನ್ಸ್. ಪ್ರಸಿದ್ಧ ನಿರ್ದೇಶಕ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ವಾಷಿಂಗ್ಟನ್ನಿನಲ್ಲಿ ಕೂತು ಗುಂಡಿಗಳನ್ನು ತಿರುಗಿಸುತ್ತಾ ದನಿಯನ್ನು ಏರಿಸಿ ಇಳಿಸುತ್ತಿದ್ದರು. ಮೂರು ಮೈಕ್ರೋಫೋನ್, ಮೂರು ಟೆಲಿಫೋನ್ ಮಾರ್ಗ, ಮೂರು ಕಡೆ ಸ್ಪೀಕರ್. ಹಾರ್ವೆ ಫ್ಲೆಚರ್ ಮುಂದಾಳತ್ವದಲ್ಲಿ ಬೆಲ್ ಪ್ರಯೋಗಾಲಯ ನಡೆಸಿದ ಈ ಪ್ರದರ್ಶನ ಸ್ಟೀರಿಯೊ ಚರಿತ್ರೆಯ ಒಂದು ಮೈಲಿಗಲ್ಲು.

ಅದೇ ಸಂಜೆ ಕ್ರಾಸೋವರಿನ ಚರಿತ್ರೆಗೂ ಸೇರುತ್ತದೆ. 40ರಿಂದ 15,000 ಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು ಮುಟ್ಟಲು ಒಂದೊಂದು ಸ್ಪೀಕರನ್ನೂ ಎರಡು ಭಾಗ ಮಾಡಿದ್ದರು. ಮಂದ್ರಕ್ಕೆ ಮಡಚಿದ ದೊಡ್ಡ ಕಹಳೆ, ತಾರಕ್ಕೆ ಹಲವು ಕೋಣೆಗಳ ಚಿಕ್ಕ ಕಹಳೆ. ಎರಡರ ಗಡಿ 300 ಹರ್ಟ್ಸ್. ಟೆಲಿಫೋನ್ ಮಾತುಗಳನ್ನು ಬೇರ್ಪಡಿಸುತ್ತಿದ್ದ ಜರಡಿ ಈಗ ವಾದ್ಯವೃಂದವನ್ನು ಬೇರ್ಪಡಿಸಿತು. ಟೆಲಿಫೋನಿನಲ್ಲಿ ಬೇರ್ಪಟ್ಟ ಮಾತುಗಳು ಬೇರೆಬೇರೆ ಮನೆಗೆ ಹೋಗುತ್ತಿದ್ದವು, ಮತ್ತೆ ಭೇಟಿಯಾಗುತ್ತಿರಲಿಲ್ಲ. ಸಂಗೀತದಲ್ಲಿ ಬೇರ್ಪಟ್ಟ ಭಾಗಗಳು ಅದೇ ಕೋಣೆಯ ಗಾಳಿಯಲ್ಲಿ, ಅದೇ ಕಿವಿಯ ಬಳಿ ಮತ್ತೆ ಸೇರಬೇಕು. ಈ ವ್ಯತ್ಯಾಸದ ಭಾರ ಗೊತ್ತಾದದ್ದು ಕೆಲವು ವರ್ಷಗಳ ಮೇಲೆ, ಸಿನಿಮಾ ಮಂದಿರಗಳಲ್ಲಿ.

1927ರ ನಂತರ ಚಿತ್ರಗಳು ಮಾತನಾಡತೊಡಗಿದ್ದವು. ಸಾವಿರಾರು ಜನರ ಮಂದಿರವನ್ನು ತುಂಬುವ ಸ್ಪೀಕರ್ ಬೇಕಾಗಿತ್ತು. ಎಂಜಿಎಂ ಸ್ಟುಡಿಯೊದಲ್ಲಿ ಡಗ್ಲಸ್ ಶಿಯರರ್, ಜಾನ್ ಹಿಲಿಯರ್ಡ್ ಮತ್ತವರ ಸಂಗಡಿಗರು ಬೆಲ್ ಮಾದರಿಯ ಎರಡು ಭಾಗದ ಕಹಳೆಗಳನ್ನು ಪರೀಕ್ಷಿಸುತ್ತಿದ್ದರು. ಧ್ವನಿ ಇಂಜಿನಿಯರುಗಳು ಹೇಳಿಕೊಂಡು ಬಂದಿರುವ ಕಥೆಯೊಂದಿದೆ. ಎಲಿನರ್ ಪವೆಲ್ ಅವರ ಟ್ಯಾಪ್ ನೃತ್ಯದ ದೃಶ್ಯ ಹಾಕಿದಾಗ ಒಂದು ಹೆಜ್ಜೆಗೆ ಎರಡು ಸದ್ದು ಕೇಳಿತಂತೆ. ಮಾತಿನಲ್ಲಿ, ಪಿಟೀಲಿನಲ್ಲಿ ಅಡಗಿದ್ದ ದೋಷ ಮರದ ನೆಲದ ಮೇಲಿನ ಚುರುಕು ಹೆಜ್ಜೆಯಲ್ಲಿ ಬಯಲಾಯಿತು. ಕಾರಣ ಹುಡುಕಿದರೆ ಮಂದ್ರದ ಕಹಳೆ ಉದ್ದವಾಗಿತ್ತು, ತಾರದ್ದು ಗಿಡ್ಡ. ಮಡಚಿದ ಕಹಳೆಯೊಳಗೆ ಸುತ್ತಿ ಬರುವ ದನಿ ತಡವಾಗಿ ಹೊರಬೀಳುತ್ತಿತ್ತು. ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ದಾರಿಯಲ್ಲಿ 8 ಅಡಿ ವ್ಯತ್ಯಾಸವಿದ್ದರೆ 7 ಮಿಲಿಸೆಕೆಂಡ್ ತಡ. ಕೇಳುವ ಕಿವಿಗೆ ಅದು ಸಣ್ಣದಲ್ಲ.

ಅವರ ಪರಿಹಾರ ಬಡಗಿಯ ಪರಿಹಾರ. ಮಂದ್ರದ ಕಹಳೆಯನ್ನು ಗಿಡ್ಡಗೊಳಿಸಿ, ಎರಡೂ ಭಾಗಗಳ ಹಿಂದುಮುಂದನ್ನು ಸರಿಹೊಂದಿಸಿ ಹೊಸ ವ್ಯವಸ್ಥೆ ಕಟ್ಟಿದರು. ‘ಶಿಯರರ್ ಹಾರ್ನ್’ ಎಂದು ಹೆಸರಾದ ಅದಕ್ಕೆ 1936ರ ಸಾಲಿನ ಅಕಾಡೆಮಿ ತಾಂತ್ರಿಕ ಪ್ರಶಸ್ತಿ ಬಂತು. ಕ್ರಾಸೋವರಿನ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಘಟನೆಯೇ. ಯಾವ ಆವರ್ತನ ಯಾರಿಗೆ ಎಂಬುದು ಅರ್ಧ ಪ್ರಶ್ನೆ, ಯಾವ ಹೊತ್ತಿಗೆ ಎಂಬುದು ಇನ್ನರ್ಧ. ಸುರುಳಿ, ಕೆಪಾಸಿಟರುಗಳಿಗೆ ಮೊದಲ ಅರ್ಧ ಚೆನ್ನಾಗಿ ಗೊತ್ತು. ಎರಡನೆಯದಕ್ಕೆ ಅವುಗಳ ಬಳಿ ಸುಲಭದ ಉತ್ತರವಿಲ್ಲ. ಅಲ್ಲಿ ಮರವನ್ನೇ ಕತ್ತರಿಸಬೇಕು.

*

1948ರಲ್ಲಿ ಎಲ್‌ಪಿ ತಟ್ಟೆ, 1950ರ ದಶಕದ ಕೊನೆಗೆ ಸ್ಟೀರಿಯೊ ತಟ್ಟೆ ಬಂದ ಮೇಲೆ ಎರಡು ಮೂರು ಶಂಕುಗಳ ಸ್ಪೀಕರುಗಳು ಮನೆ ಹೊಕ್ಕವು. ಕ್ರಾಸೋವರ್ ಪೆಟ್ಟಿಗೆಯೊಳಗೆ ಅಡಗಿತು. ಆಂಪ್ಲಿಫೈಯರಿನ ಬಲವಾದ ವಿದ್ಯುತ್ತು ಅದರ ಮೂಲಕವೇ ಹರಿಯಬೇಕು, ಅದಕ್ಕೆ ಬೇರೆ ವಿದ್ಯುತ್ ಸಂಪರ್ಕ ಬೇಡ. ಇದನ್ನು ಪ್ಯಾಸಿವ್ ಕ್ರಾಸೋವರ್ ಎನ್ನುತ್ತಾರೆ. ಸೂತ್ರದಲ್ಲಿ ಸರಳವಾಗಿದ್ದ ಇದು ಕೆಲಸದಲ್ಲಿ ಸರಳವಲ್ಲ. 8 ಓಮ್ ಎಂದು ಬರೆದಿರುವ ಸ್ಪೀಕರ್ ಯಾವಾಗಲೂ 8 ಓಮ್ ಆಗಿರುವುದಿಲ್ಲ. ಒಂದು ಆವರ್ತನದಲ್ಲಿ 6 ಇದ್ದರೆ ಇನ್ನೊಂದರಲ್ಲಿ 30 ಇರಬಹುದು. ಹೊಸದಾಗಿ ನುಡಿಸಿದಾಗ ಒಂದು, ಸುರುಳಿ ಬಿಸಿಯಾದ ಮೇಲೆ ಇನ್ನೊಂದು. ಹಾಗಾಗಿ ಸೂತ್ರದ ಎರಡು ಭಾಗಗಳು ಹತ್ತಾಗುತ್ತವೆ, ಹದಿನೈದಾಗುತ್ತವೆ.

ಈ ಕಲೆಯ ಮೇಲ್ಮಟ್ಟಕ್ಕೆ ಬಿಬಿಸಿಯ ಎಲ್‌ಎಸ್ 3/5ಎ ಒಳ್ಳೆಯ ಉದಾಹರಣೆ. ಹೊರಾಂಗಣ ಪ್ರಸಾರದ ವಾಹನದ ಇಕ್ಕಟ್ಟಿನಲ್ಲಿ ಕೂತು ಮನುಷ್ಯರ ಮಾತನ್ನು ನಿಖರವಾಗಿ ಕೇಳಬೇಕಾದವರಿಗಾಗಿ 1970ರ ದಶಕದಲ್ಲಿ ಬಿಬಿಸಿ ಇಂಜಿನಿಯರುಗಳು ರೂಪಿಸಿದ, ಒಂದಡಿ ಎತ್ತರದ ಪೆಟ್ಟಿಗೆ ಅದು. ಕೆಇಎಫ್ ಕಂಪನಿಯ ಎರಡು ಶಂಕುಗಳು, ಗಡಿ ಸುಮಾರು 3,000 ಹರ್ಟ್ಸ್. ಅದರ ಕ್ರಾಸೋವರ್ ಬರೀ ಹಂಚುತ್ತಿರಲಿಲ್ಲ, ಶಂಕುಗಳ ಹುಟ್ಟುಗುಣಗಳನ್ನೂ ತಿದ್ದುತ್ತಿತ್ತು. ಒಂದೊಂದು ಟ್ವೀಟರಿನ ಸೂಕ್ಷ್ಮತೆ ಒಂದಿಷ್ಟು ಬೇರೆ ಇರುವುದರಿಂದ, ಅದಕ್ಕೆ ತಕ್ಕಂತೆ ಮಟ್ಟವನ್ನು ಹೊಂದಿಸಲು ಸುರುಳಿಯಲ್ಲಿ ಹಲವು ಕವಲುಗಳಿದ್ದವು. ಒಬ್ಬ ಕೆಲಸಗಾರ ಪ್ರತಿ ಪೆಟ್ಟಿಗೆಯನ್ನೂ ಅಳೆದು ಕವಲು ಆರಿಸಬೇಕಿತ್ತು.

ಅದರ ಮುಂದಿನ ಅಧ್ಯಾಯವೂ ಪಾಠ ಹೇಳುತ್ತದೆ. ವರ್ಷಗಳು ಕಳೆದಂತೆ ಕಾರ್ಖಾನೆಯಿಂದ ಬರುವ ಶಂಕುಗಳ ಗುಣ ಮೆಲ್ಲಗೆ ಜಾರಿತು. ಕ್ರಾಸೋವರ್ ಹಳೆಯ ಶಂಕುವಿನ ಅಳತೆಗೆ ಹೊಲಿದ ಅಂಗಿ, ಶಂಕು ಬದಲಾದರೆ ಅಂಗಿ ಕೂರುವುದಿಲ್ಲ. 1980ರ ದಶಕದ ಕೊನೆಯಲ್ಲಿ ಆ ಕ್ರಾಸೋವರನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಅನಲಾಗ್ ವಿಧಾನದ ಶಕ್ತಿ, ಮಿತಿ ಎರಡೂ ಇಲ್ಲಿವೆ. ಕೇಳಬಲ್ಲ ಕಿವಿಯೊಂದು, ಅಳೆಯಬಲ್ಲ ಕೈಯೊಂದು ಒಮ್ಮೆ ತೀರ್ಪು ಕೊಟ್ಟು ಅದನ್ನು ತಾಮ್ರದಲ್ಲಿ ಬರೆದಿಡುತ್ತದೆ. ತಾಮ್ರದಲ್ಲಿ ಬರೆದದ್ದನ್ನು ಅಳಿಸುವುದು ಕಷ್ಟ.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಯೋಚನೆ ನಡೆದಿತ್ತು. ಸಿಗ್‌ಫ್ರಿಡ್ ಲಿಂಕ್‌ವಿಟ್ಜ್ ಜರ್ಮನಿಯಲ್ಲಿ ಹುಟ್ಟಿದ ಇಂಜಿನಿಯರ್. ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ರೇಡಿಯೊ ಆವರ್ತನದ ಅಳತೆ ಉಪಕರಣಗಳನ್ನು ಮಾಡುತ್ತಿದ್ದರು, ಬಿಡುವಿನಲ್ಲಿ ಸ್ಪೀಕರ್ ಕಟ್ಟುತ್ತಿದ್ದರು. ಅವರ ಸಹೋದ್ಯೋಗಿ ರಸ್ ರೈಲಿ. ಬ್ರಿಟನ್ನಿನ ಸ್ಟೀಫನ್ ಬಟರ್‌ವರ್ತ್ 1930ರಲ್ಲಿ ವಿವರಿಸಿದ್ದ ಫಿಲ್ಟರನ್ನೇ ಆವರೆಗೆ ಅನೇಕರು ಕ್ರಾಸೋವರಿಗೆ ಬಳಸುತ್ತಿದ್ದರು. ಅದರಲ್ಲೊಂದು ತೊಡಕಿತ್ತು. ವೂಫರ್, ಟ್ವೀಟರ್ ಒಂದರ ಮೇಲೊಂದು ಕೂತಿರುತ್ತವೆ, ಒಂದೇ ಬಿಂದುವಿನಲ್ಲಿ ಅಲ್ಲ. ಗಡಿಯ ಆವರ್ತನದಲ್ಲಿ ಎರಡೂ ಒಟ್ಟಿಗೆ ನುಡಿಯುವಾಗ ಅವುಗಳ ಅಲೆ ಒಂದೇ ಹೆಜ್ಜೆಯಲ್ಲಿಲ್ಲದಿದ್ದರೆ ದನಿಯ ಮುಖ್ಯ ದಿಕ್ಕು ಮೇಲಕ್ಕೋ ಕೆಳಕ್ಕೋ ವಾಲುತ್ತದೆ. ಎದ್ದು ನಿಂತರೆ ಒಂದು ಗಾಯಕ, ಕೂತರೆ ಇನ್ನೊಬ್ಬ.

ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ ಪ್ರಬಂಧದ ಉತ್ತರ ಬಹಳ ಸೊಗಸಾದದ್ದು. ಬಟರ್‌ವರ್ತ್ ಫಿಲ್ಟರನ್ನು ಎರಡು ಬಾರಿ ಸಾಲಾಗಿ ಇಡಿ. ಆಗ ಗಡಿಯಲ್ಲಿ ವೂಫರ್ ಸರಿಯಾಗಿ ಅರ್ಧ, ಟ್ವೀಟರ್ ಸರಿಯಾಗಿ ಅರ್ಧ ನುಡಿಯುತ್ತದೆ. ಎರಡೂ ಒಂದೇ ಹೆಜ್ಜೆಯಲ್ಲಿರುತ್ತವೆ, ಕೂಡಿದರೆ ಪೂರ್ತಿ ಒಂದು. ಗಡಿಯಿಂದಾಚೆ ಇಳಿಜಾರು ಕಡಿದು, ಪ್ರತಿ ಸ್ಥಾಯಿಗೆ 24 ಡೆಸಿಬೆಲ್. ಲಿಂಕ್‌ವಿಟ್ಜ್-ರೈಲಿ ಎಂಬ ಹೆಸರಿನಲ್ಲಿ ಇದು ಇಂದಿಗೂ ಸ್ಟುಡಿಯೊಗಳಲ್ಲಿ, ಸಭಾಂಗಣಗಳಲ್ಲಿ, ಮನೆಗಳಲ್ಲಿ ಬಳಕೆಯಲ್ಲಿದೆ.

ಇದನ್ನು ಚೆನ್ನಾಗಿ ಮಾಡಬೇಕಾದರೆ ಕ್ರಾಸೋವರ್ ಪೆಟ್ಟಿಗೆಯಿಂದ ಹೊರಬರಬೇಕು. ಆಂಪ್ಲಿಫೈಯರಿಗಿಂತ ಮೊದಲೇ, ದನಿ ಇನ್ನೂ ಕ್ಷೀಣವಾದ ವಿದ್ಯುತ್ತಾಗಿರುವಾಗಲೇ ಸೀಳಿ, ಒಂದೊಂದು ಶಂಕುವಿಗೂ ಪ್ರತ್ಯೇಕ ಆಂಪ್ಲಿಫೈಯರ್ ಕೊಡಬೇಕು. ಇದು ಆಕ್ಟಿವ್ ವಿಧಾನ. ಟ್ರಾನ್ಸಿಸ್ಟರ್, ಆಪ್ ಆಂಪ್ ಚಿಪ್ಪುಗಳು ಅಗ್ಗವಾದ ಮೇಲೆ ಇದು ಮನೆಗೂ ಎಟುಕಿತು. ಶಂಕುವಿನ ಓಮ್ ಏರಿಳಿತ ಈಗ ಫಿಲ್ಟರನ್ನು ಕದಲಿಸುವುದಿಲ್ಲ. ಬೆಲೆಯೂ ಇದೆ. ಎರಡು ದಾರಿಯ ಸ್ಟೀರಿಯೊಗೆ ನಾಲ್ಕು ಆಂಪ್ಲಿಫೈಯರ್, ಮೂರು ದಾರಿಗೆ ಆರು. ಗಡಿಯನ್ನು ಸ್ವಲ್ಪ ಸರಿಸಬೇಕೆಂದರೆ ಬೆಸುಗೆ ಬಿಚ್ಚಿ ಹೊಸ ರೆಸಿಸ್ಟರ್ ಹಾಕಬೇಕು. ಟ್ವೀಟರ್ ಹಿಂದಿದ್ದರೆ, ವೂಫರ್ ಮುಂದಿದ್ದರೆ ಬರುವ ಕಾಲದ ವ್ಯತ್ಯಾಸವನ್ನು ಅನಲಾಗ್ ಮಂಡಲದಲ್ಲಿ ಸರಿದೂಗಿಸಬಹುದು, ಆದರೆ ಸ್ವಲ್ಪ ಮಾತ್ರ. ಶಿಯರರ್ ಹಾರ್ನಿನ ಪ್ರಶ್ನೆ ಅರ್ಧ ಹಾಗೇ ಉಳಿಯಿತು.

*

ದನಿಯನ್ನು ಅಂಕಿಗಳಾಗಿ ಬರೆಯುವ ಸಿದ್ಧಾಂತ ಹಳೆಯದು. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ, ಕ್ಲಾಡ್ ಶ್ಯಾನನ್ 1949ರಲ್ಲಿ ಅದರ ಗಣಿತವನ್ನು ಬರೆದಿದ್ದರು. ಇಬ್ಬರೂ ಟೆಲಿಫೋನ್ ಕಂಪನಿಯವರೇ. 1982ರಲ್ಲಿ ಸಿಡಿ ಬಂದಾಗ ಸಂಗೀತ ಸೆಕೆಂಡಿಗೆ 44,100 ಅಂಕಿಗಳ ಸಾಲಾಗಿ ಮನೆಗೆ ಬಂತು. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್ 32010 ಎಂಬ ಸಂಕೇತ ಸಂಸ್ಕಾರಕ ಚಿಪ್ಪು ಮಾರುಕಟ್ಟೆಗೆ ಬಂತು. ಅದಕ್ಕೆ ಗೊತ್ತಿದ್ದ ದೊಡ್ಡ ವಿದ್ಯೆ ಒಂದೇ: ಗುಣಿಸು, ಕೂಡು, ಮತ್ತೆ ಗುಣಿಸು, ಕೂಡು. ಫಿಲ್ಟರಿನ ಗಣಿತವೂ ಅಷ್ಟೇ. ಅದೇ ಕಂಪನಿ 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರ ತೆರೆದದ್ದು ನಮ್ಮ ಊರಿನ ಚರಿತ್ರೆಯ ತಿರುವುಗಳಲ್ಲಿ ಒಂದು. ಐಟಿ ನಗರ ಎಂಬ ಹೆಸರು ಬರುವ ಮೊದಲು ಇಲ್ಲಿಗೆ ಬಂದದ್ದು ಚಿಪ್ಪಿನ ಕೆಲಸ. 1980ರ ದಶಕದ ಕೊನೆ, 90ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಮೆರಿಡಿಯನ್ ಕಂಪನಿ ಡಿಜಿಟಲ್ ದನಿಯನ್ನು ನೇರವಾಗಿ ಸ್ವೀಕರಿಸಿ ಒಳಗೇ ಸಂಸ್ಕರಿಸುವ ಸ್ಪೀಕರುಗಳನ್ನು ತಂದಿತು. ಅವು ಸಿರಿವಂತರ ಸ್ಪೀಕರುಗಳು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಬೆರಿಂಗರ್ ಕಂಪನಿಯ ಡಿಸಿಎಕ್ಸ್ 2496, ಆಮೇಲೆ ಹಾಂಗ್‌ಕಾಂಗಿನ ಮಿನಿಡಿಎಸ್‌ಪಿಯ ಅಂಗೈಯಗಲದ ಫಲಕಗಳು ಬಂದು ಈ ವಿದ್ಯೆಯನ್ನು ಹವ್ಯಾಸಿಗಳ ಮೇಜಿಗೆ ತಂದವು.

ಡಿಜಿಟಲ್ ಕ್ರಾಸೋವರಿನ ದೊಡ್ಡ ಕೊಡುಗೆ ಯಾವುದು? ಫಿಲ್ಟರಿನ ಆಕಾರವಂತೂ ಅಲ್ಲ. 24 ಡೆಸಿಬೆಲ್‌ನ ಲಿಂಕ್‌ವಿಟ್ಜ್-ರೈಲಿಯನ್ನು ಆಪ್ ಆಂಪಿನಲ್ಲಿ ಮಾಡಿದರೂ ಅಂಕಿಯಲ್ಲಿ ಮಾಡಿದರೂ ಗಣಿತ ಒಂದೇ, ಕಿವಿಗೆ ತಲುಪುವ ಫಲವೂ ಹೆಚ್ಚು ಕಡಿಮೆ ಒಂದೇ. ಅಲ್ಲಿ ಬೆಚ್ಚಗೆ, ತಣ್ಣಗೆ ಎಂದು ಹುಡುಕುವುದರಲ್ಲಿ ಅರ್ಥವಿಲ್ಲ. ದೊಡ್ಡ ಕೊಡುಗೆ ಎಂದರೆ ಕಾಯುವ ಶಕ್ತಿ. ಅಂಕಿಯನ್ನು ನೆನಪಿನಲ್ಲಿಟ್ಟು ಸ್ವಲ್ಪ ಹೊತ್ತಿನ ನಂತರ ಬಿಟ್ಟರೆ ಆಯಿತು. ಸೆಕೆಂಡಿಗೆ 48,000 ಅಂಕಿಗಳಿದ್ದರೆ ಒಂದು ಅಂಕಿಯಷ್ಟು ಕಾದರೆ ಸ್ಪೀಕರನ್ನು ಸುಮಾರು 7 ಮಿಲಿಮೀಟರ್ ಹಿಂದೆ ಸರಿಸಿದಂತೆ. ಶಿಯರರ್ ಮತ್ತು ಸಂಗಡಿಗರು ಗರಗಸ ಹಿಡಿದು ಮಾಡಿದ್ದನ್ನು ಈಗ ಒಂದು ಸಂಖ್ಯೆ ಬದಲಿಸಿ ಮಾಡಬಹುದು.

ಕಾಯುವುದಕ್ಕೆ ಬೆಲೆಯೂ ಇದೆ. ಆವರ್ತನವನ್ನೂ ಕಾಲವನ್ನೂ ಒಟ್ಟಿಗೆ ಸರಿಪಡಿಸುವ ಉದ್ದದ ಫಿಲ್ಟರುಗಳು ಮಂದ್ರದಲ್ಲಿ ಬಹಳ ಹೊತ್ತು ಕೇಳುತ್ತವೆ. 30 ಹರ್ಟ್ಸ್‌ನ ಒಂದು ಅಲೆ ಮುಗಿಯಲು 33 ಮಿಲಿಸೆಕೆಂಡ್ ಬೇಕು. ಅಂಥ ಅಲೆಗಳನ್ನು ನೋಡಿ ತೀರ್ಮಾನಿಸಬೇಕಾದರೆ ಒಟ್ಟು ದನಿ ಹತ್ತಾರು ಮಿಲಿಸೆಕೆಂಡ್ ತಡವಾಗುತ್ತದೆ. ಧ್ವನಿಮುದ್ರಿತ ಸಂಗೀತ ಕೇಳುವವರಿಗೆ ಇದು ಲೆಕ್ಕಕ್ಕಿಲ್ಲ. ಟಿವಿ ನೋಡುವಾಗ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಎಲ್‌ಪಿ ತಟ್ಟೆ ಕೇಳುವವರು ಇನ್ನೊಂದನ್ನು ಒಪ್ಪಿಕೊಳ್ಳಬೇಕು, ಸೂಜಿಯಿಂದ ಬಂದ ದನಿ ಒಮ್ಮೆ ಅಂಕಿಯಾಗಿ ಮತ್ತೆ ದನಿಯಾಗಬೇಕು. ದನಿಯ ಮಟ್ಟವನ್ನು ಅಂಕಿಯಲ್ಲೇ ಇಳಿಸಿದರೆ ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್‌ನಷ್ಟು ಸೂಕ್ಷ್ಮತೆ ಹೋಗುತ್ತದೆ. 24 ಬಿಟ್‌ಗಳಲ್ಲಿ ಅದು ತಡೆದುಕೊಳ್ಳುವಂಥದ್ದು, 16ರಲ್ಲಿ ಎಚ್ಚರ ಬೇಕು. ಟ್ವೀಟರಿಗೆ ಆಂಪ್ಲಿಫೈಯರ್ ನೇರವಾಗಿ ಸೇರಿರುವುದರಿಂದ ಯಾವುದೋ ತಪ್ಪು ಗುಂಡಿ ಒತ್ತಿ ಮಂದ್ರವೆಲ್ಲ ಅತ್ತ ಹೋದರೆ ಅದು ಸುಟ್ಟೇಹೋಗುತ್ತದೆ. ಅಪಾಯಕ್ಕಿರಲಿ ಎಂದು ಒಂದು ಕೆಪಾಸಿಟರ್ ಇಟ್ಟುಕೊಳ್ಳುವ ಜಾಣರೂ ಇದ್ದಾರೆ. ಅಲ್ಲಿಗೆ ಅನಲಾಗ್ ಬಾಗಿಲ ಕಾವಲಿಗೆ ಮರಳಿ ಬಂದಂತೆ.

ಇನ್ನೊಂದು ಬದಲಾವಣೆ ಸಾಹಿತ್ಯದ ಓದುಗರಿಗೆ ಹೆಚ್ಚು ಪರಿಚಿತ ಅನಿಸಬಹುದು. ಪ್ಯಾಸಿವ್ ಕ್ರಾಸೋವರ್ ಅಚ್ಚಾದ ಪುಸ್ತಕದ ಹಾಗೆ. ಸಂಪಾದಕ ಪಾಠಾಂತರಗಳನ್ನೆಲ್ಲ ನೋಡಿ ಒಂದನ್ನು ಆರಿಸಿ ಕೈಬಿಟ್ಟಿದ್ದಾನೆ. ಡಿಜಿಟಲ್ ಕ್ರಾಸೋವರ್ ಎಂದೂ ಅಚ್ಚಿಗೆ ಹೋಗದ ಕಡತ. ಇವತ್ತು ಗಡಿ 2,200, ನಾಳೆ 1,900, ನಾಡಿದ್ದು ಇಳಿಜಾರು ಬೇರೆ. ಬೇಕಾದಾಗ ತಿದ್ದಬಹುದೆಂಬುದು ವರ, ತಿದ್ದುತ್ತಲೇ ಇದ್ದು ಸಂಗೀತ ಕೇಳದಿರುವುದು ಅದರ ಬೆನ್ನಿಗೆ ಬಂದ ಕಾಟ. ಸಂಪಾದಕನ ಕೆಲಸ ಓದುಗನ ತಲೆಗೆ ಬಂದಿದೆ, ಅದಕ್ಕೆ ಬೇಕಾದ ಅಳತೆಯ ಮೈಕ್ರೋಫೋನೂ ತಾಳ್ಮೆಯೂ ಅವನಲ್ಲೇ ಇರಬೇಕು.

*

ಇದೆಲ್ಲ ನನಗೆ ಬರೀ ಓದಿನ ವಿಷಯವಾಗಿ ಉಳಿಯಲಿಲ್ಲ. ಮನೆಯಲ್ಲಿರುವ ಎರಡು ಹಳೆಯ ಸ್ಪೀಕರುಗಳ ತಾರದ ದನಿ ಎರಡು ವರ್ಷಗಳಿಂದ ಮಂಕಾಗುತ್ತಾ ಬಂದಿತ್ತು. ತಂಬೂರಿಯ ತಂತಿಗೂ ಕುದುರೆಗೂ ನಡುವೆ ಒಂದು ನೂಲೆಳೆ ಇಡುತ್ತಾರಲ್ಲ, ಅದರಿಂದ ಏಳುವ ಝೇಂಕಾರವೇ ಕಾಣೆಯಾಗಿತ್ತು. ಷಡ್ಜ ಇತ್ತು, ಅದರ ಸುತ್ತ ಹೊಳೆಯುವ ಬೆಳಕು ಇರಲಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರು ಪೆಟ್ಟಿಗೆ ಬಿಚ್ಚಿ ಮೀಟರ್ ಹಿಡಿದರು. “ಟ್ವೀಟರ್ ಜೀವಂತ ಇದೆ ಸರ್. ಕೆಪಾಸಿಟರ್ ಒಣಗಿದೆ ಅಷ್ಟೇ. ಅದೇ ವ್ಯಾಲ್ಯೂ ಹಾಕಿ, ಇನ್ನೊಂದು ಮೂವತ್ತು ವರ್ಷ ನಡೆಯುತ್ತೆ” ಎಂದರು. ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನದು ಬೇರೆ ಮಾತು. “ಮಾಮ, ಆ ಬೋರ್ಡನ್ನೇ ಕಿತ್ತು ಹಾಕಿ. ಡಿಎಸ್‌ಪಿ ಹಾಕೋಣ. ರೂಮನ್ನೂ ಸೇರಿಸಿ ಸರಿ ಮಾಡಬಹುದು.”

ಇಬ್ಬರ ಮಾತಿನಲ್ಲೂ ಸತ್ಯವಿತ್ತು, ಹಾಗಾಗಿಯೇ ತೀರ್ಮಾನ ಸುಲಭವಿರಲಿಲ್ಲ. ಕೋಣೆಯ ಮಾತನ್ನು ಮಾತ್ರ ಮೊದಲು ಪಕ್ಕಕ್ಕಿಟ್ಟೆ. ಗೋಡೆಯಿಂದ ಮರಳುವ ದನಿ ಕೂತ ಜಾಗಕ್ಕೊಂದರಂತೆ ಬದಲಾಗುತ್ತದೆ. ಮಂದ್ರದ ಗುಂಯ್‌ಗುಡುವಿಕೆಯನ್ನು ಒಂದು ಕುರ್ಚಿಗೆ ಸರಿಪಡಿಸಿದರೆ ಪಕ್ಕದ ಕುರ್ಚಿಗೆ ಕೆಡಬಹುದು. ಪುಸ್ತಕದ ಕಪಾಟು, ದಪ್ಪ ಪರದೆ ಮಾಡುವ ಕೆಲಸವನ್ನು ಚಿಪ್ಪಿನಿಂದ ಪೂರ್ತಿಯಾಗಿ ಮಾಡಿಸಲಾಗದು.

ಉಳಿದದ್ದು ಎರಡು ಪ್ರಶ್ನೆ. ಈ ಪೆಟ್ಟಿಗೆಗಳನ್ನು ಯಾರೋ ಅಳೆದು, ಕೇಳಿ, ಈ ಶಂಕುಗಳಿಗೆಂದೇ ಕ್ರಾಸೋವರ್ ಹೊಲಿದಿದ್ದಾರೆ. ಅವರ ತೀರ್ಪನ್ನು ಕಿತ್ತುಹಾಕುವಷ್ಟು ಉತ್ತಮ ತೀರ್ಪು ನಮ್ಮ ಬಳಿ ಇದೆಯೇ? ಎರಡನೆಯದು, ಇನ್ನು ಇಪ್ಪತ್ತು ವರ್ಷಕ್ಕೆ ಇದು ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ? ಕೆಪಾಸಿಟರ್ ಆಗಲೂ ಸಿಗುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಇಂದಿನ ಫಲಕವನ್ನು ಸರಿಹೊಂದಿಸುವ ತಂತ್ರಾಂಶ ಆಗಿನ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ ಎಂದು ಯಾರೂ ಭರವಸೆ ಕೊಡಲಾರರು.

ಹಳೆಯ ಪೆಟ್ಟಿಗೆಗಳಿಗೆ ಹೊಸ ಕೆಪಾಸಿಟರುಗಳನ್ನೇ ಹಾಕಿಸಿದೆ. ಅದೇ ಮೌಲ್ಯ, ಅದೇ ಜಾಗ. ತಂಬೂರಿಯ ಝೇಂಕಾರ ಮರಳಿತು. ಅಕ್ಕನ ಮಗನನ್ನೂ ನಿರಾಶೆಗೊಳಿಸಲಿಲ್ಲ. ಅವನೂ ನಾನೂ ಸೇರಿ ಮಹಡಿಯ ಕೋಣೆಗೆಂದು ಹೊಸದಾಗಿ ಒಂದು ಜೋಡಿ ಸ್ಪೀಕರ್ ಕಟ್ಟುತ್ತಿದ್ದೇವೆ, ಅದಕ್ಕೆ ಡಿಜಿಟಲ್ ಕ್ರಾಸೋವರ್. ಅಲ್ಲಿ ಹಿಂದಿನವರ ತೀರ್ಪು ಯಾವುದೂ ಇಲ್ಲ, ತಪ್ಪಿ ತಿದ್ದಿ ಕಲಿಯಬೇಕಾದವರು ನಾವೇ. ಹಾಗೆ ಕಲಿಯುವವರಿಗೆ ಒಂದು ಸಂಖ್ಯೆ ಬದಲಿಸಿ ಮರುಕ್ಷಣವೇ ಕೇಳುವ ಅನುಕೂಲಕ್ಕಿಂತ ದೊಡ್ಡ ಗುರುವಿಲ್ಲ.

ಈ ಎರಡೂ ದಾರಿಗಳನ್ನು ಶತ್ರುಗಳೆಂದು ನೋಡುವವರಿಗೆ ಲಿಂಕ್‌ವಿಟ್ಜ್ ಅವರ ಬದುಕೇ ಉತ್ತರ. ಅವರ ಓರಿಯನ್ ಸ್ಪೀಕರಿಗೆ ಅನಲಾಗ್ ಆಕ್ಟಿವ್ ಕ್ರಾಸೋವರ್. ಆಮೇಲಿನ ಪುಟ್ಟ ಎಲ್‌ಎಕ್ಸ್ ಮಿನಿಗೆ ಡಿಜಿಟಲ್. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಕೇಳುತ್ತಿದ್ದದ್ದು ಬೇರ್ಪಟ್ಟ ದನಿ ಕೂಡಿದಾಗ ಒಬ್ಬ ಮನುಷ್ಯ ಹಾಡಿದಂತೆ ಇದೆಯೇ ಎಂಬುದನ್ನು.

ಹಳೆಯ ಪೆಟ್ಟಿಗೆ ಮುಚ್ಚುವ ಮೊದಲು ಕೆಪಾಸಿಟರುಗಳ ಮೌಲ್ಯ, ಸುರುಳಿಯ ಅಳತೆ, ತಾರೀಖು ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಒಳಗೋಡೆಗೆ ಅಂಟಿಸಿದ್ದೇನೆ. ಮಹಡಿಯ ಸ್ಪೀಕರಿಗೂ ಹಾಗೆಯೇ ಮಾಡಲು ಹೇಳಿದ್ದೇನೆ: ಗಡಿಯ ಆವರ್ತನ, ಇಳಿಜಾರು, ಎಷ್ಟು ಮಿಲಿಸೆಕೆಂಡ್ ತಡ, ಎಲ್ಲ ಅಂಕಿಗಳೂ ಕಾಗದದ ಮೇಲೆ. ತಂತ್ರಾಂಶ ತೆರೆಯದಿದ್ದರೂ ಮುಂದೊಂದು ದಿನ ಅದನ್ನು ಬಿಚ್ಚುವವರು ಇಂದಿನ ನಮ್ಮ ಕಿವಿ ಏನನ್ನು ಸರಿ ಎಂದುಕೊಂಡಿತ್ತು ಎಂಬುದನ್ನು ಓದಿಕೊಳ್ಳಬಹುದು.